ಪದಚರ್ಚೆ: ‘ಮಾಡು ಬದಲಾಯಿಸುವುದು’ ಅಂದರೆ ಎಷ್ಟು ಬದಲಾಯಿಸುವುದು?

ಬಳಗದ ಎಲ್ಲರಿಗೂ ನಮಸ್ಕಾರ.

ನಮ್ಮ ತಾಲೂಕಿನಲ್ಲಿ ಒಂದು ಹಳೇ ಹಂಚಿನ ಕಟ್ಟಡ ಇದೆ. ರಾಜ್ಯದ ಸಂರಕ್ಷಿತ ಸ್ಮಾರಕ. ಈ ಮಳೆಗಾಲದಲ್ಲಿ ಅದರ ಮಾಡು (ಇಳಿಜಾರು ಛಾವಣಿ) ಅಲ್ಲಲ್ಲಿ ಸೋರಿತು. ದೀಪಾವಳಿ ಕಳೆದ ಮೇಲೆ ಕೆಲಸ ಶುರು ಮಾಡಿ, ಮುಂದಿನ ಮಳೆ ಹಿಡಿಯುವುದರೊಳಗೆ ಮುಗಿಸಬೇಕು ಅನ್ನುವ ಯೋಚನೆ ನಡೆದಿದೆ. ಕೆಲಸದ ವಿವರವನ್ನು ಕನ್ನಡದಲ್ಲಿ ಬರೆದುಕೊಡಲು ನನಗೆ ಹೇಳಿದ್ದಾರೆ. ಕೈಯಲ್ಲಿರುವ ಇಂಗ್ಲಿಷ್ ಕರಡಿನಲ್ಲಿ ‘ರೂಫ್ ರೀಪ್ಲೇಸ್‌ಮೆಂಟ್’ ಅನ್ನುವ ಒಂದೇ ಮಾತು ಪುಟಪುಟಕ್ಕೂ ಬರುತ್ತದೆ. ಅದನ್ನು ‘ಛಾವಣಿ ಬದಲಾವಣೆ’ ಅಂತ ಬರೆದರೆ ವ್ಯಾಕರಣ ಸರಿ ಇರುತ್ತದೆ. ಆದರೆ ಮರದ ಕೆಲಸದ ಆಚಾರ್ರಿಗೆ ಹಾಗೆ ಓದಿ ಹೇಳಿದಾಗ ಅವರು ಕೇಳಿದ್ದು ಇಷ್ಟು: “ಹಂಚು ಮಾತ್ರವಾ, ರೀಪು ಸಮೇತವಾ, ಪಕಾಸಿನೂ ಸೇರಿಯಾ?”

ಕರಡಿನಲ್ಲಿ ಅದಕ್ಕೆ ಉತ್ತರ ಇಲ್ಲ. ಹಾಗಾಗಿ ಬಳಗಕ್ಕೆ ಬರೆಯುತ್ತಿದ್ದೇನೆ. ನನ್ನ ಮೊದಲ ಪ್ರಶ್ನೆಯೂ ಅದೇ. ನಿಮ್ಮ ಕಡೆ ‘ಮಾಡು’ ಅಂದರೆ ಮೇಲಿನ ಹೊದಿಕೆ ಅಷ್ಟೇನಾ, ಅಥವಾ ಅದನ್ನು ಹೊತ್ತ ಮರವೂ ಸೇರುತ್ತದಾ?

ಈ ಕಟ್ಟಡ ಹೇಗಿದೆ ಅಂತ ಸ್ವಲ್ಪ ಹೇಳುತ್ತೇನೆ. ಗೋಡೆಯ ಮೇಲೆ ಉದ್ದಕ್ಕೆ ತೊಲೆ ಮಲಗಿಸಿದ್ದಾರೆ. ಅದರ ಮೇಲೆ ಇಳಿಜಾರಾಗಿ ಪಕಾಸಿ. (ಕೆಲವರು ಪಕ್ಕಾಸು ಅನ್ನುತ್ತಾರೆ.) ಪಕಾಸಿಗೆ ಅಡ್ಡವಾಗಿ ರೀಪು. ಮಂಗಳೂರು ಹಂಚಿನ ಅಡಿಯಲ್ಲಿ ಒಂದು ಮೂಗು ಇರುತ್ತದೆ, ಅದು ರೀಪಿಗೆ ಕಚ್ಚಿಕೊಂಡು ಕೂರುತ್ತದೆ. ಒಂದು ಹಂಚಿನ ಅಂಚು ಪಕ್ಕದ ಹಂಚಿನ ಕಾಲುವೆಯೊಳಗೆ ಸೇರುತ್ತದೆ. ನೆತ್ತಿಯ ಸಾಲಿಗೆ ಬಿಟ್ಟರೆ ಗಾರೆ ಬೇಡ. ಹೀಗಾಗಿ ಒಂದು ಹಂಚು ಒಡೆದರೆ ಅದೊಂದನ್ನೇ ತೆಗೆದು ಬೇರೆ ಕೂರಿಸಬಹುದು. ‘ಮಾಡು ಹೋಗಿದೆ’ ಅಂತ ಊರಲ್ಲಿ ಮಾತು ಹಬ್ಬಿದರೂ, ಹತ್ತಿ ನೋಡಿದಾಗ ಹಂಚು ಬಹುಪಾಲು ಗಟ್ಟಿಯಾಗಿಯೇ ಇತ್ತು. ರೀಪು ಅರ್ಧಕ್ಕರ್ಧ ಹೋಗಿತ್ತು. ಪಕಾಸಿಗಳು ಗೋಡೆಗೆ ತಾಗುವ ತುದಿಯಲ್ಲಿ ಮಾತ್ರ ಕೆಟ್ಟಿದ್ದವು.

ಮಲೆನಾಡು, ಕರಾವಳಿಯವರಿಗೆ ‘ಹಂಚು ಕೈಯಾಡಿಸುವುದು’ ಗೊತ್ತೇ ಇದೆ. ಮಳೆಗಾಲಕ್ಕೆ ಮೊದಲು ಮಾಡಿನ ಮೇಲೆ ಹತ್ತಿ, ಒಡೆದದ್ದನ್ನು ಎಳೆದು, ಸಂದಿನ ತರಗೆಲೆ ಗುಡಿಸಿ, ಪಾಚಿ ಕೆರೆದು, ಜಾರಿದ್ದನ್ನು ಮೇಲೆ ಸರಿಸಿ ಕೂರಿಸುವ ಕೆಲಸ. ಇಲ್ಲಿ ಯಾವುದನ್ನೂ ಬಿಚ್ಚುವುದಿಲ್ಲ. ಕಟ್ಟಡದ ಹಿಂಬದಿಯ ಇಳಿಜಾರಿಗೆ ಇಷ್ಟೇ ಸಾಕು ಅಂತ ಆಚಾರ್ರ ಅಭಿಪ್ರಾಯ. ನಾನು ಈ ಪದವನ್ನು ವಿವರದಲ್ಲಿ ಹಾಗೇ ಬರೆಯಬೇಕು ಅಂತಿದ್ದೇನೆ. ಆದರೆ ಕಾಗದ ಓದುವವರು ಮೈಸೂರು, ಕಲಬುರಗಿ ಕಡೆಯವರೂ ಆಗಿರಬಹುದು. ಅವರಿಗೆ ಈ ಪದ ಹೊಳೆಯುತ್ತದಾ? ಮಂಡ್ಯ, ಹಾಸನದ ಕಡೆ ನಾಡಹಂಚಿನ ಮನೆ ಇದ್ದವರು ಇದಕ್ಕೆ ಏನನ್ನುತ್ತಿದ್ದರು?

ಮುಂಬದಿಯದ್ದು ದೊಡ್ಡ ಕೆಲಸ. ಹಂಚು ಪೂರ್ತಿ ಕೆಳಗೆ ಬರಬೇಕು, ರೀಪು ಹೊಸದು ಹೊಡೆಯಬೇಕು, ಅದೇ ಹಂಚು ವಾಪಸ್ ಮೇಲೆ ಹೋಗಬೇಕು. ನನಗೆ ಜಾಸ್ತಿ ಚಿಂತೆ ಇರುವುದು ಇಲ್ಲಿಯ ಕ್ರಿಯಾಪದದ ಬಗ್ಗೆ. ಕಚೇರಿ ಕನ್ನಡದಲ್ಲಿ ಸಾಮಾನ್ಯವಾಗಿ ‘ಹಳೆಯ ಛಾವಣಿಯನ್ನು ತೆಗೆದುಹಾಕಿ’ ಅಂತ ಬರೆಯುತ್ತೇವೆ. ‘ತೆಗೆದುಹಾಕು’ ಅಂದರೆ ಗುತ್ತಿಗೆದಾರನಿಗೆ ಅದು ಸಾಗಿಸಬೇಕಾದ ಕಸ. ‘ಕೀಳು’ ಅಂದರೆ ಇನ್ನೂ ಒರಟು, ಹಾರೆ ಹಾಕಿದ ಹಾಗೆ. ‘ಬಿಚ್ಚು’ ಅಂದರೆ ಜೋಡಿಸಿದ್ದನ್ನು ಕ್ರಮವಾಗಿ ಬೇರೆ ಮಾಡುವುದು. ‘ಇಳಿಸು’ ಅಂದಾಗ ಕೈಯಿಂದ ಕೈಗೆ ಕೊಟ್ಟು ಕೆಳಗೆ ಒಟ್ಟುವ ಚಿತ್ರ ಬರುತ್ತದೆ. ಹಂಚು ಇಳಿಸುವುದು, ಮರ ಬಿಚ್ಚುವುದು. ನಮ್ಮ ಕಡೆ ಕೆಲಸದವರ ಬಾಯಲ್ಲಿ ಈ ಎರಡು ಬಳಕೆ ಬಹಳ ಖಚಿತ. ‘ಇಳಿಸಿ, ಒಟ್ಟಿ, ಆರಿಸಿ, ಮತ್ತೆ ಹೊದಿಸುವುದು’ ಅಂತ ನಾಲ್ಕು ಕ್ರಿಯಾಪದ ಬರೆದರೆ ಯಾವ ಹಂಚೂ ಲಾರಿ ಹತ್ತುವುದಿಲ್ಲ. ಸಾಲು ಉದ್ದ ಆಯಿತು ಅಂತ ಅದನ್ನು ಯಾರಾದರೂ ಕತ್ತರಿಸಿ ‘ತೆಗೆದು ಮರುಸ್ಥಾಪಿಸುವುದು’ ಮಾಡಿದರೆ ನನಗೆ ಒಪ್ಪಿಗೆ ಇಲ್ಲ. ನಿಮ್ಮ ಅಭಿಪ್ರಾಯ ಬೇಕು.

‘ಆರಿಸು’ ಯಾಕೆ ಮುಖ್ಯ ಅಂದರೆ, ಹಳೇ ಹಂಚನ್ನು ಗೆಣ್ಣಿನಿಂದ ಬಡಿದು ನೋಡುತ್ತಾರೆ. ಗಟ್ಟಿ ಹಂಚು ಠಣ್ ಅನ್ನುತ್ತದೆ. ಬಿರುಕು ಇದ್ದದ್ದು ಮಂಕಾಗಿ ಸದ್ದು ಮಾಡುತ್ತದೆ. ಹೀಗೆ ಆರಿಸಿದ ಮೇಲೆ ಕೊರತೆ ಬಿದ್ದೇ ಬೀಳುತ್ತದೆ. ಆಗ ಇನ್ನೊಂದು ತೊಡಕು. ಒಂದು ಕಾರ್ಖಾನೆಯ ಹಂಚು ಇನ್ನೊಂದರ ಜೊತೆ ಸರಿಯಾಗಿ ಕೂರುವುದಿಲ್ಲ. ಅಳತೆ, ಕಾಲುವೆಯ ಆಳ ಕೂದಲೆಳೆಯಷ್ಟು ಬೇರೆ ಇದ್ದರೂ ಸಂದಿಯಲ್ಲಿ ನೀರು ಇಳಿಯುತ್ತದೆ. ಅದಕ್ಕೇ ಆಚಾರ್ರು ಹೇಳುವುದು, ಗಟ್ಟಿ ಇರುವ ಹಳೇ ಹಂಚನ್ನೆಲ್ಲ ಮುಂಬದಿಗೆ ಸೇರಿಸಿ, ಬೇರೆ ಅಚ್ಚಿನದ್ದನ್ನು ಬೇಕಾದರೆ ಹಿಂಬದಿಯ ಒಂದು ಅಂಕಣಕ್ಕೆ ಪೂರ್ತಿ ಹಾಕಿ, ನಡುನಡುವೆ ಬೆರೆಸಬೇಡಿ ಅಂತ. ಕಂಪನಿಯ ಹೆಸರು, ಗುರುತು ಒತ್ತಿರುವ ಹಂಚುಗಳು ಇದರಲ್ಲಿ ಬಹಳ ಇವೆ. ಅವು ಕಟ್ಟಡದ ದಾಖಲೆಯೂ ಹೌದು. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರ ಹಂಚಿನ ಕಾರ್ಖಾನೆ 1865ರಲ್ಲಿ ಶುರುವಾಯಿತು. ಅದನ್ನು ಕಟ್ಟಿದ ಜಾರ್ಜ್ ಪ್ಲೆಬ್ಸ್ಟ್ ಅದಕ್ಕೂ ಮೊದಲು ಮಿಷನ್ನಿನ ಅಚ್ಚುಕೂಟದಲ್ಲಿ ದುಡಿದವರು. ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಆ ಮಿಷನ್ನಿನಿಂದಲೇ. ನಮ್ಮ ಬಳಗಕ್ಕೆ ಇದು ತಿಳಿದಿರಲಿ ಅಂತ ಹೇಳಿದೆ.

ಮರ ಕೆಟ್ಟಿದ್ದಕ್ಕೆ ಕರಡಿನಲ್ಲಿ ಇರುವುದು ‘ಡಿಕೇಡ್’ ಅನ್ನುವ ಒಂದೇ ಪದ. ನಮ್ಮಲ್ಲಿ ಎಷ್ಟೊಂದು ಇವೆ ನೋಡಿ. ನೀರು ಕುಡಿದು ಮೆತ್ತಗಾಗಿ ಉದುರುವುದು ಲಡ್ಡು. ಕುಂಬಾಗಿದೆ ಅಂತಲೂ ಅನ್ನುತ್ತಾರೆ. ಮಣ್ಣಿನ ಗೂಡು ಕಟ್ಟಿಕೊಂಡು ಒಳಗೆ ತಿಂದಿದ್ದರೆ ಒರಲೆ. ಸಣ್ಣ ತೂತಿನಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಕುಟ್ಟೆ. ಇವು ಸುಮ್ನೆ ಬೇರೆಬೇರೆ ಹೆಸರುಗಳಲ್ಲ, ಪ್ರತಿಯೊಂದಕ್ಕೂ ಮದ್ದು ಬೇರೆ. ಲಡ್ಡಾದರೆ ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಬೇಕು, ಇಲ್ಲದಿದ್ದರೆ ಹೊಸ ಮರವೂ ಅದೇ ಜಾಗದಲ್ಲಿ ಲಡ್ಡಾಗುತ್ತದೆ. ಒರಲೆ ಆದರೆ ಗೋಡೆ, ನೆಲದ ದಾರಿ ಮುಚ್ಚಬೇಕು. ಕುಟ್ಟೆ ಮರದೊಳಗೇ ಇರುತ್ತದೆ, ಅದಕ್ಕೆ ಮರಕ್ಕೇ ಔಷಧಿ. ಹೀಗಿರುವಾಗ ‘ಶಿಥಿಲಗೊಂಡ ಮರಮುಟ್ಟು’ ಅಂತ ಬರೆದರೆ ಇರುವ ಮಾಹಿತಿಯೂ ಹೋಗುತ್ತದೆ. ಪ್ರತಿ ಪಕಾಸಿಗೂ ನಂಬರ್ ಹಾಕಿ, ಎದುರಿಗೆ ಲಡ್ಡು, ಒರಲೆ, ಕುಟ್ಟೆ ಅಂತ ಕೆಲಸದವರ ಪದವನ್ನೇ ಬರೆದ ಪಟ್ಟಿ ತಯಾರಾಗುತ್ತಿದೆ. ಉತ್ತರ ಕರ್ನಾಟಕದಲ್ಲಿ ಜಂತಿಗೆ ಹುಳ ಹಿಡಿದರೆ, ಒಳಗೆ ಟೊಳ್ಳಾದರೆ ಏನೇನು ಪದ ಇವೆ ಅಂತ ಆ ಕಡೆಯವರು ತಿಳಿಸಬೇಕು.

ತುದಿ ಮಾತ್ರ ಕೆಟ್ಟ ಪಕಾಸಿಯನ್ನು ಏನು ಮಾಡುವುದು? ಆಚಾರ್ರು ಉಳಿಯನ್ನು ತುದಿಗೆ ಒತ್ತಿದರು, ಸಲೀಸಾಗಿ ಒಳಗೆ ಹೋಯಿತು. ಒಂದು ಗೇಣು ಮೇಲೆ ಸರಿದು ಒತ್ತಿದರು, ಉಳಿ ನಿಂತಿತು. ಅಷ್ಟು ಉದ್ದದ ಗಟ್ಟಿ ಮರವನ್ನು ಒಂದು ಗೇಣಿನ ಸಲುವಾಗಿ ಎಸೆಯಬಾರದು. ಕೆಟ್ಟ ತುದಿ ಕೊಯ್ದು, ಎರಡೂ ಕಡೆ ಓರೆಯಾಗಿ ಕಚ್ಚು ತೆಗೆದು, ಅದೇ ಜಾತಿಯ ಹೊಸ ಮರ ಕೂರಿಸಿ ಬಿಗಿಯಬೇಕು. ಇದಕ್ಕೆ ಅವರ ಮಾತು ‘ತುಂಡು ಕೂಡಿಸುವುದು’. ಕರಡು ನೋಡಿದ ಒಬ್ಬರು ‘ತುಂಡು’ ಅಂದರೆ ತೇಪೆ ಹಾಕಿದ ಹಾಗೆ ಕೇಳುತ್ತದೆ, ‘ಭಾಗಶಃ ಪುನರ್‌ಜೋಡಣೆ’ ಅಂತ ಇರಲಿ ಅಂದರು. ನನಗೆ ‘ತುಂಡು ಕೂಡಿಸುವುದು’ ಚೆನ್ನಾಗಿದೆ ಅನ್ನಿಸುತ್ತದೆ, ಮಾಡುವ ಕೆಲಸ ಕಣ್ಣಿಗೆ ಕಾಣುತ್ತದೆ. ಇದಕ್ಕಿಂತ ಒಳ್ಳೆಯ ಪದ ಯಾರ ಊರಿನಲ್ಲಾದರೂ ಇದ್ದರೆ ಖಂಡಿತ ತೆಗೆದುಕೊಳ್ಳುತ್ತೇನೆ.

ಇಷ್ಟೆಲ್ಲ ಯಾಕೆ ಅಂತ ಕೇಳಬಹುದು. ಕಾನೂನಿನಲ್ಲೂ ಪದದ ಮೇಲೆಯೇ ಕೆಲಸ ನಿಂತಿದೆ. 1958ರ ಕೇಂದ್ರ ಕಾಯ್ದೆ ಸ್ಮಾರಕದ ನಿರ್ವಹಣೆ ಅಂದರೆ ಏನೇನು ಅಂತ ಹೇಳುವಾಗ ಬೇಲಿ ಹಾಕುವುದು, ಮೇಲೆ ಹೊದಿಸಿ ಮುಚ್ಚುವುದು, ರಿಪೇರಿ, ಮೊದಲಿನ ಸ್ಥಿತಿಗೆ ತರುವುದು, ಶುಚಿ ಮಾಡುವುದು ಎಲ್ಲವನ್ನೂ ಸೇರಿಸುತ್ತದೆ. 2010ರ ತಿದ್ದುಪಡಿಯಲ್ಲಿ ದುರಸ್ತಿ ಮತ್ತು ನವೀಕರಣ ಒಂದು ಕಡೆ, ಪುನರ್ನಿರ್ಮಾಣ ಇನ್ನೊಂದು ಕಡೆ. ದುರಸ್ತಿ ಅಂದರೆ ಈಗಾಗಲೇ ಇರುವ ಕಟ್ಟಡದಲ್ಲಿ ಮಾಡುವ ಮಾರ್ಪಾಟು, ಅದರಲ್ಲಿ ಪುನರ್ನಿರ್ಮಾಣ ಸೇರುವುದಿಲ್ಲ. ಕೇಂದ್ರದ ಸಂರಕ್ಷಿತ ಸ್ಮಾರಕದ 100 ಮೀಟರ್ ಒಳಗೆ 1992ರ ಜೂನ್ 16ಕ್ಕೆ ಮೊದಲೇ ಇದ್ದ ಮನೆಯವರು ದುರಸ್ತಿಗೆ ಅರ್ಜಿ ಹಾಕಬಹುದು. ಅದೇ ಮನೆಯವರು ಅರ್ಜಿಯಲ್ಲಿ ‘ಹೊಸ ಮಾಡು ಕಟ್ಟುತ್ತೇವೆ’ ಅಂತ ಬರೆದರೆ ಓದುವವರಿಗೆ ಪುನರ್ನಿರ್ಮಾಣ ಅನ್ನಿಸಬಹುದು. ಅವರ ಮನಸ್ಸಿನಲ್ಲಿ ಇದ್ದದ್ದು ರೀಪು ಬದಲಾಯಿಸಿ ಹಂಚು ಹೊದಿಸುವುದು ಅಷ್ಟೇ! ನಮ್ಮ ಕಟ್ಟಡ ರಾಜ್ಯದ 1961ರ ಕಾಯ್ದೆಯ ಕೆಳಗೆ ಬರುತ್ತದೆ. ಆದರೂ ಪದದಲ್ಲಿ ಇದೇ ಎಚ್ಚರ ಬೇಕು ಅಂತ ನನ್ನ ಅನಿಸಿಕೆ.

‘ಜೀರ್ಣೋದ್ಧಾರ’ ಬೇಡ ಅಂತ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ದೇವಸ್ಥಾನಗಳ ಮಟ್ಟಿಗೆ ಅದು ದೊಡ್ಡ ಮಾತು, ಒಳ್ಳೆಯ ಮಾತು. ಆದರೆ ಈಗಿನ ಬಳಕೆಯಲ್ಲಿ ಹಳೆಯದನ್ನು ಇಳಿಸಿ ಕಾಂಕ್ರೀಟ್ ಹಾಕಿದ್ದಕ್ಕೂ ಅದೇ ಹೆಸರು.

ಇನ್ನು ‘ಛಾವಣಿ’. ಪ್ಯಾರಿಸ್ಸಿನ ನೋತ್ರ್ ದಾಮ್ ಇಗರ್ಜಿಗೆ 2019ರ ಏಪ್ರಿಲ್ 15ರಂದು ಬೆಂಕಿ ಬಿದ್ದದ್ದು ನೆನಪಿರಬಹುದು. ಅಲ್ಲಿ ಒಳಗಿನಿಂದ ತಲೆ ಎತ್ತಿದರೆ ಕಾಣುವುದು ಕಲ್ಲಿನ ಕಮಾನು. ಅದರ ಮೇಲೆ ಓಕ್ ಮರದ ದೊಡ್ಡ ಚೌಕಟ್ಟು, ಅದರ ಮೇಲೆ ಸೀಸದ ತಗಡು. ಸುಟ್ಟುಹೋದದ್ದು ಮರ ಮತ್ತು ತಗಡು. ಕಲ್ಲಿನ ಕಮಾನು ಕೆಲವು ಕಡೆ ಕುಸಿದರೂ ಬಹುಪಾಲು ನಿಂತಿತು. ಮತ್ತೆ ಕಟ್ಟುವಾಗ ಓಕ್ ಮರವನ್ನೇ ತಂದು, ಬಹಳಷ್ಟನ್ನು ಕೈಗೊಡಲಿಯಲ್ಲೇ ಕೆತ್ತಿ, ಮೇಲೆ ಸೀಸವನ್ನೇ ಹೊದಿಸಿದರು. 2024ರ ಡಿಸೆಂಬರಿನಲ್ಲಿ ಬಾಗಿಲು ತೆರೆಯಿತು. ಇದನ್ನು ಕನ್ನಡದಲ್ಲಿ ಹೇಳುವಾಗ ಕಮಾನಿಗೂ ಛಾವಣಿ, ಮರಕ್ಕೂ ಛಾವಣಿ ಅಂದರೆ ಏನು ಸುಟ್ಟಿತು, ಏನು ಉಳಿಯಿತು ಅಂತ ತಿಳಿಯುವುದೇ ಇಲ್ಲ. ನಮ್ಮ ಕಟ್ಟಡದಲ್ಲೂ ಮಾಡಿನ ಕೆಳಗೆ ಹಲಗೆಯ ಮುಚ್ಚಿಗೆ ಇದೆ, ಅದಕ್ಕೆ ಕೈ ಹಚ್ಚುವಂತಿಲ್ಲ. ಹಾಗಾಗಿ ಒಳಗಿನದು ಮುಚ್ಚಿಗೆ, ಮೇಲಿನ ಮರ ‘ಮಾಡಿನ ಮರಮಟ್ಟು’, ಅದರ ಮೇಲಿನದು ‘ಹೊದಿಕೆ’ ಅಂತ ಮೂರು ಪದ ಇಟ್ಟುಕೊಂಡಿದ್ದೇನೆ. ಭಟ್ಕಳದ ಹಳೇ ದೇವಸ್ಥಾನಗಳಲ್ಲಿ ಕಲ್ಲುಚಪ್ಪಡಿಗಳನ್ನೇ ಇಳಿಜಾರಾಗಿ ಹೊದಿಸಿದ್ದಾರೆ. ಆ ಕಡೆಯವರು ಅದಕ್ಕೂ ‘ಮಾಡು’ ಅನ್ನುತ್ತಾರಾ? ಬಯಲುಸೀಮೆಯ ಮಣ್ಣಿನ ಮಾಳಿಗೆಗೆ ಹೊದಿಕೆ ಅನ್ನುವ ಪದ ಒಗ್ಗುತ್ತದಾ? ಕರಾವಳಿಯಲ್ಲಿ ಮಾಳಿಗೆ ಅಂದರೆ ಮಹಡಿ ಆಗಿಬಿಡುತ್ತದೆ, ಅದೊಂದು ಬೇರೆ ಗೊಂದಲ.

ಕೊನೆಯದಾಗಿ ‘ಲೈಕ್ ಫಾರ್ ಲೈಕ್’, ಅಂದರೆ ಇದ್ದದ್ದರ ಜಾಗಕ್ಕೆ ಅಂಥದ್ದನ್ನೇ ಹಾಕುವುದು. ಕರಡಿನಲ್ಲಿ ಇದು ಶರತ್ತಿನ ರೂಪದಲ್ಲಿ ಬರುತ್ತದೆ. ‘ಯಥಾವತ್ತಾಗಿ’ ಅಂತ ಬರೆದಿದ್ದೆ, ಈಗ ಅನುಮಾನ. ಸ್ಮಾರಕ ಸಂರಕ್ಷಣೆಯ ಬಗ್ಗೆ ಹಲವು ದೇಶಗಳ ತಜ್ಞರು ಸೇರಿ ಮಾಡಿದ 1964ರ ವೆನಿಸ್ ಸನ್ನದಿನ ಪ್ರಕಾರ ಕಳೆದುಹೋದ ಭಾಗಕ್ಕೆ ಹಾಕುವ ಹೊಸದು ಇಡೀ ಕಟ್ಟಡಕ್ಕೆ ಹೊಂದಬೇಕು, ಆದರೆ ಹಳೆಯದರ ಜೊತೆ ಬೆರೆತು ಮೋಸ ಮಾಡಬಾರದು. ‘ಯಥಾವತ್ತಾಗಿ’ ಅಂದರೆ ಹೊಸ ಮರಕ್ಕೆ ಬಣ್ಣ ಬಳಿದು ಹಳೇದರ ಹಾಗೆ ಕಾಣಿಸುವುದು ಅಂತಲೂ ಅರ್ಥ ಆಗಬಹುದು. ನಮಗೆ ಬೇಕಾದದ್ದು ಅದಲ್ಲ. ಮರದ ಜಾತಿ ಅದೇ, ದಪ್ಪ ಅದೇ, ಜೋಡಣೆ ಅದೇ. ಕಣ್ಣಿಗೆ ಬೀಳದ ಬದಿಯಲ್ಲಿ ಇಸವಿ ಕೆತ್ತಿರಬೇಕು. ಸದ್ಯಕ್ಕೆ ‘ಅದೇ ಬಗೆಯ ವಸ್ತು, ಅದೇ ಬಗೆಯ ಕೆಲಸ’ ಅಂತ ಬರೆದಿದ್ದೇನೆ.

ಹಳೇ ಮೈಸೂರು ಕಡೆಯ, ಮುಂಬೈ ಕರ್ನಾಟಕದ ಕನ್ನಡ ಅಂದಾಜುಪಟ್ಟಿಗಳು ಯಾರ ಮನೆಯಲ್ಲಾದರೂ ಇದ್ದರೆ, ಅದರಲ್ಲಿ ಮಾಡಿನ ಕೆಲಸಕ್ಕೆ ಬಳಸಿದ ಸಾಲುಗಳನ್ನು ದಯವಿಟ್ಟು ಹಾಗೇ ಟೈಪ್ ಮಾಡಿ ಕಳಿಸಿ. ಪದ ಕಳಿಸುವಾಗ ಜೊತೆಗೆ ಊರಿನ ಹೆಸರು, ಮತ್ತು ಅದು ಹಂಚಿನ ಮನೆಯದ್ದಾ, ಮಾಳಿಗೆಯದ್ದಾ, ಗಾರೆ ತಾರಸಿಯದ್ದಾ ಅಂತ ಬರೆಯಿರಿ. ಕರಡು ಹೋಗುವುದು ನವರಾತ್ರಿ ಆದ ಮೇಲೆ, ಅಲ್ಲಿಯವರೆಗೂ ತಿದ್ದಬಹುದು.