‘ಕೂಗಲಿಲ್ಲ ಅಂದ್ರೆ ಒಪ್ಪಿದ ಹಾಗಾ?’: ಓದುಗರ ಸ್ಪಂದನ

(ಯಾದಗಿರಿ ಜಿಲ್ಲೆಯ ಓದುಗಿಯೊಬ್ಬರು ಕಳೆದ ಸಂಚಿಕೆಯಲ್ಲಿ ಬರೆದಿದ್ದರು: ಜ್ವರ ಬಂದ ರಾತ್ರಿ ಬೇಡ ಅಂದೆ, ಗಂಡ ಕೇಳಲಿಲ್ಲ. ಆಚೆ ಕೋಣೆಯಲ್ಲಿ ಅತ್ತೆ, ಮಕ್ಕಳು ಮಲಗಿದ್ದರು, ಅದಕ್ಕೆ ಕೂಗಲಿಲ್ಲ. ‘ಅದು ರೇಪ್’ ಅಂತ ಅಕ್ಕನ ಹತ್ತಿರ ಅಂದೆ. ‘ಗಂಡನ ಮ್ಯಾಲ ಹಿಂಗಂತಾರೇನ? ನೀ ಚೀರಲೂ ಇಲ್ಲಲ್ಲ’ ಅಂದವಳು ಮಾತು ಬಿಟ್ಟಿದ್ದಾಳೆ. ನಾನು ಅಂದದ್ದು ತಪ್ಪಾ?)

ಹುಡುಗ ಮಾಡಿದ್ದು ತಪ್ಪು. ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಪದ ಬೇಡಮ್ಮ. ಒಮ್ಮೆ ಬಾಯಿಂದ ಬಿದ್ದರೆ ವಾಪಸ್ ತಗೊಳ್ಳೋಕಾಗಲ್ಲ. ಹಿರಿಯರನ್ನು ಕೂರಿಸಿ ಬುದ್ಧಿ ಹೇಳಿಸಿ.
– ನಿವೃತ್ತ ಶಿಕ್ಷಕ, ಬೀದರ್

ನಾನು ವಕೀಲೆ. ನಿಮ್ಮ ಅಕ್ಕ ಕೇಳಿದ್ದನ್ನೇ ಕೋರ್ಟಿನಲ್ಲೂ ಕೇಳುತ್ತಾರೆ. ಯಾಕೆ ಕೂಗಲಿಲ್ಲ? ಗಾಯ ಎಲ್ಲಿ? 1972ರಲ್ಲಿ ಮಹಾರಾಷ್ಟ್ರದ ಠಾಣೆಯೊಂದರಲ್ಲಿ ಆದಿವಾಸಿ ಹುಡುಗಿಯ ಮೇಲೆ ಪೊಲೀಸರೇ ಎರಗಿದ್ದರು. ಮೈಮೇಲೆ ಗಾಯವಿಲ್ಲ, ಪ್ರತಿಭಟಿಸಿದ ಗುರುತಿಲ್ಲ ಅಂತ ಸುಪ್ರೀಂ ಕೋರ್ಟು ಅವರನ್ನು ಬಿಟ್ಟಿತು. ಠಾಣೆಯೊಳಗೆ ಪೊಲೀಸರ ವಿರುದ್ಧ ಯಾರನ್ನು ಕೂಗಿ ಕರೆಯಬೇಕಿತ್ತೋ! 1979ರಲ್ಲಿ ನಾಲ್ವರು ಕಾನೂನು ಪ್ರಾಧ್ಯಾಪಕರು ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ಶರಣಾಗುವುದೇ ಬೇರೆ, ಒಪ್ಪುವುದೇ ಬೇರೆ ಅನ್ನುವುದು ಅವರ ವಾದ. 1983ರಲ್ಲಿ ಕಾನೂನು ಬದಲಾಯಿತು. ಆದರೂ ಒಪ್ಪಿಗೆ ಅಂದರೇನು ಅಂತ ಸರಿಯಾಗಿ ಬರೆಯಲು 2013 ಬರಬೇಕಾಯಿತು. ಮಾತಿಂದಲೋ ಸನ್ನೆಯಿಂದಲೋ, ಹೆಣ್ಣು ತಾನಾಗಿ, ಸ್ಪಷ್ಟವಾಗಿ ಹೂಂ ಅನ್ನಬೇಕು. ದೈಹಿಕವಾಗಿ ತಡೆಯಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಒಪ್ಪಿದಳು ಅನ್ನುವ ಹಾಗಿಲ್ಲ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಂನಲ್ಲಿದೆ.

ಆದರೆ ಅದೇ ಕಲಂನ ಕೊನೆಗೆ ಒಂದು ಸಾಲಿದೆ. ಹೆಂಡತಿಗೆ 18 ತುಂಬಿದ್ದರೆ, ಗಂಡ ಮಾಡಿದ್ದು ಅತ್ಯಾಚಾರವಲ್ಲ. ನಿಮಗೆ ಸುಳ್ಳು ಧೈರ್ಯ ಹೇಳಲಾರೆ. 2022ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದ ಹೈಕೋರ್ಟು, ಗಂಡನೊಬ್ಬನ ಮೇಲಿನ ಅತ್ಯಾಚಾರದ ಆರೋಪ ಕೈಬಿಡಲು ಒಪ್ಪಲಿಲ್ಲ. ಜುಲೈನಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ನಡುವೆ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಈ ವಿನಾಯಿತಿಯ ಬಗ್ಗೆ ಆ ಕಡೆ ಒಬ್ಬರು, ಈ ಕಡೆ ಒಬ್ಬರು ತೀರ್ಪು ಕೊಟ್ಟರು. ಜಡ್ಜುಗಳಿಗೇ ಒಮ್ಮತವಿಲ್ಲದ ಮಾತಿಗೆ ಅಕ್ಕತಂಗಿ ಮಾತು ಬಿಡೋದಾ?

ಬೇರೆ ದಾರಿ ಇದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಲೈಂಗಿಕ ದೌರ್ಜನ್ಯವೂ ಸೇರಿದೆ. ಅಲ್ಲಿ ಗಂಡನಿಗೆ ರಿಯಾಯಿತಿ ಇಲ್ಲ. ರಕ್ಷಣೆಯ ಆದೇಶ ಕೇಳಬಹುದು. ಸುಮ್ನೆ ಮಾತಾಡಬೇಕು ಅನ್ನಿಸಿದರೂ 181ಕ್ಕೆ ಫೋನ್ ಮಾಡಿ.
– ಓದುಗಿ, ಕಲಬುರಗಿ

ನಾನು ನಿಮ್ಮ ಅಕ್ಕನ ಜಾಗದಲ್ಲಿ ಇದ್ದವಳು. ತಂಗಿ ಬಂದು ಇಂಥದ್ದೇ ಹೇಳುವಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಹೊರಗೆ ಮಾವ ಕೂತಿದ್ದರು. ಅವರಿಗೆ ಕೇಳಿಸಬಾರದು ಅಂತ ಜೋರಾಗಿ ಬಡಿದೆ. ಅವಳ ಮಾತು ನನಗೇ ಕೇಳಿಸದಷ್ಟು ಜೋರಾಗಿ. ಹಂಚಿನ ಮೇಲಿದ್ದ ರೊಟ್ಟಿ ಸೀದುಹೋಯಿತು. ಅವಳು ಮತ್ತೆ ಆ ಸುದ್ದಿ ಎತ್ತಲಿಲ್ಲ. ನಿಜ ಹೇಳಬೇಕಂದ್ರೆ ನನ್ನ ಮನೆಯಲ್ಲೂ ಅದೇ ನಡೆದಿತ್ತು. ಅವಳದ್ದಕ್ಕೆ ಆ ಹೆಸರಿಟ್ಟರೆ ನನ್ನದಕ್ಕೂ ಇಡಬೇಕಿತ್ತು. ನಿಮ್ಮ ಅಕ್ಕನಿಗೆ ಇನ್ನೊಂದು ಸಲ ಫೋನ್ ಮಾಡ್ತೀರಾ? ಬೀದರಿನ ಹಿರಿಯರ ಥರ ಹೇಳುವವರು ನಮ್ಮೂರಲ್ಲೂ ಜಾಸ್ತಿ. ಇದನ್ನು ಹಿರಿಯರ ಮುಂದೆ ಯಾವ ಪದದಲ್ಲಿ ಹೇಳಬೇಕು ಅಂತ ಮಾತ್ರ ಯಾರೂ ಹೇಳಿಕೊಡಲ್ಲ.
– ಹೆಸರು ಬೇಡ, ಶಹಾಪುರ

ನಿಮ್ಮ ಪತ್ರವನ್ನು ಹೆಂಡತಿಗೆ ಓದಿ ಹೇಳಿದೆ. ನಿನಗೂ ಯಾವತ್ತಾದರೂ ಹೀಗೆ ಆಗಿದೆಯಾ ಅಂತ ಕೇಳಿದೆ. ಪುಂಡಿಪಲ್ಯೆ ಸೋಸುತ್ತಿದ್ದಳು, ತಲೆ ಎತ್ತಲಿಲ್ಲ. ‘ಹನ್ನೆರಡು ವರ್ಷ ಆಯ್ತು, ಈಗ ಕೇಳ್ತೀರೇನು?’ ಅಂದಳು. ಅದಾಗಿ ಮೂರು ದಿನ. ನಾನೂ ಮತ್ತೆ ಕೇಳಿಲ್ಲ.
– ಓದುಗ, ಆಳಂದ