ಮ್ಯೂನಿಕ್ ಚಳಿ, ಜಿಮ್ಮು, ಅರ್ಧ ಮ್ಯಾರಥಾನ್: ಅನುಭವ ಇದ್ದವರು ಹೇಳಿ

ಗಾರ್ಷಿಂಗ್ ಹೊಸಬ:
ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರಿನಲ್ಲಿ ಬೆಂಗಳೂರಿನಿಂದ ಬಂದೆ, ಆಫೀಸು ಮ್ಯೂನಿಕ್ ಪಕ್ಕದ ಗಾರ್ಷಿಂಗ್‌ನಲ್ಲಿ. ಬ್ರೆಡ್ಡು ಚೀಸು ತಿಂದು ಹೊಟ್ಟೆ ಮುಂದೆ ಬಂದಿದೆ. ಸಂಜೆ ನಾಲ್ಕೂವರೆಗೇ ಕತ್ತಲು, ಮನೆಗೆ ಬಂದು ಕೂತರೆ ಏಳೋಕೆ ಮನಸ್ಸಾಗಲ್ಲ. ಮುಂದಿನ ಅಕ್ಟೋಬರ್‌ನಲ್ಲಿ ಇಲ್ಲಿನ ಅರ್ಧ ಮ್ಯಾರಥಾನ್ ಓಡೋ ಆಸೆ. ಒಂದು ವರ್ಷದ ಕಾಂಟ್ರಾಕ್ಟ್ ಹಾಕಿ ಜಿಮ್ ಸೇರಲಾ, ಇಲ್ಲಾ ಚಳಿಯಲ್ಲೇ ಹೊರಗೆ ಓಡಲಾ? ಎಡ ಮಂಡಿ ಸ್ವಲ್ಪ ವೀಕು. ಹೆಂಡತಿ ಬರೋದು ಏಪ್ರಿಲ್‌ಗೆ, ಅಲ್ಲೀತನಕ ಒಬ್ಬನೇ. ಶನಿವಾರ ಭಾನುವಾರ ಎಲ್ಲಿಗೆ ಹೋಗಬಹುದು ಅಂತಲೂ ಹೇಳಿ.

ಜಯನಗರ ನಾಲ್ಕನೇ ಬ್ಲಾಕ್:
ಸಹಿ ಹಾಕೋ ಮುಂಚೆ ನನ್ನ ಕಥೆ ಕೇಳಿ. 2018ರ ನವೆಂಬರ್‌ನಲ್ಲಿ ಎರಡು ವರ್ಷಕ್ಕೆ ಸಹಿ ಹಾಕಿದೆ, ತಿಂಗಳಿಗೆ 34 ಯೂರೋ 90 ಸೆಂಟ್. ಆಗಿನ ಕಾಂಟ್ರಾಕ್ಟುಗಳಲ್ಲಿ ಮುಗಿಯೋಕೆ ಮೂರು ತಿಂಗಳು ಮುಂಚೆ ಬೇಡ ಅಂತ ಬರೆದು ಕೊಡದಿದ್ದರೆ ತಾನಾಗೇ ಇನ್ನೊಂದು ವರ್ಷ ಮುಂದಕ್ಕೆ ಹೋಗೋದು. ನಾನು ಜುಲೈನಲ್ಲೇ ರಿಜಿಸ್ಟರ್ಡ್ ಪೋಸ್ಟ್ ಮಾಡಿದ್ದೆ, ರಸೀದಿ ಈಗಲೂ ಫೈಲಲ್ಲಿದೆ. ಅವರ ಉತ್ತರ ಏನು ಗೊತ್ತಾ? ಕವರ್ ಬಂತು, ಒಳಗೆ ಕಾಗದ ಇರಲಿಲ್ಲ! ಸರಿ, ಇನ್ನೊಂದು ವರ್ಷ. ಅಷ್ಟರಲ್ಲಿ ಕೊರೊನಾದ ಎರಡನೇ ಲಾಕ್‌ಡೌನ್, ಬಾಗಿಲು ಬಂದ್. ಬಾಗಿಲು ಹಾಕಿದ್ದರೂ ತಿಂಗಳಾ ತಿಂಗಳಾ ದುಡ್ಡು ಎಳೀತಾನೇ ಇದ್ದರು. ಕೇಳಿದರೆ 'ಮುಚ್ಚಿದ್ದ ತಿಂಗಳು ಕೊನೇಲಿ ಸೇರಿಸ್ತೀವಿ'. ಆಮೇಲೆ ನನಗೆ ಸ್ಟುಟ್‌ಗಾರ್ಟ್‌ಗೆ ವರ್ಗ ಆಯಿತು. ಊರು ಬಿಡ್ತಿದ್ದೀನಿ, ರದ್ದು ಮಾಡಿ ಅಂದೆ. ಊರು ಬದಲಾಯಿಸೋದು ಕಾರಣ ಅಲ್ಲ, 2016ರಲ್ಲೇ ಬಿಜಿಎಚ್, ಅಂದರೆ ಇಲ್ಲಿನ ಸುಪ್ರೀಂ ಕೋರ್ಟಿನಂಥ ಕೋರ್ಟು, ಹೇಳಿಬಿಟ್ಟಿದೆ ಅಂತ ಪ್ರತಿ ಕಳಿಸಿದರು. ದುಡ್ಡು ಕೊಡಲ್ಲ ಅಂದಾಗ ಇನ್‌ಕಾಸೋ ಅನ್ನೋ ಸಾಲ ವಸೂಲಿಯವರಿಂದ ಕಾಗದ, ಅವರ ಖರ್ಚೂ ನನ್ನ ತಲೆ ಮೇಲೆ, 87 ಯೂರೋ. ನಾನೂ ಬಿಡಲಿಲ್ಲ. 2022ರ ಮೇನಲ್ಲಿ ಅದೇ ಬಿಜಿಎಚ್, ಮುಚ್ಚಿದ್ದ ಕಾಲದ ದುಡ್ಡು ವಾಪಸ್ ಕೊಡಬೇಕು, ಕೊನೇಲಿ ತಿಂಗಳು ಸೇರಿಸ್ತೀವಿ ಅನ್ನೋ ಹಾಗಿಲ್ಲ ಅಂತು. ಆ ತೀರ್ಪಿನ ಪ್ರಿಂಟ್ ತೆಗೆದು ಕಳಿಸಿದೆ, ದುಡ್ಡು ಬಂತು. ಜರ್ಮನಿ ನನಗೆ ಕಲಿಸಿದ್ದು ಡಂಬಲ್ ಎತ್ತೋದಲ್ಲ ಸ್ವಾಮಿ, ಕಾಗದ ಎತ್ತಿಡೋದು.

ಈಗ ಪರವಾಗಿಲ್ಲ. 2022ರ ಮಾರ್ಚ್ 1ರ ನಂತರದ ಕಾಂಟ್ರಾಕ್ಟ್ ಆದರೆ ಮೊದಲ ಅವಧಿ ಮುಗಿದ ಮೇಲೆ ಒಂದು ತಿಂಗಳ ನೋಟಿಸ್ ಸಾಕು. ವೆಬ್‌ಸೈಟಲ್ಲೇ ಸೇರಿಸಿಕೊಳ್ಳೋ ಜಿಮ್ ಆದರೆ ಅಲ್ಲಿ ರದ್ದು ಮಾಡೋ ಬಟನ್ನೂ ಇರಲೇಬೇಕು.

ಧಾರವಾಡ ಎಕ್ಸ್‌ಪ್ರೆಸ್:
ಇಷ್ಟುದ್ದ ಬರದ್ರಿ, ತೂಕ ಎಷ್ಟ ಇಳೀತು ಅದನ್ನ ಹೇಳಲೇ ಇಲ್ಲಲ್ರಿ ಸಾಹೇಬ್ರ?

ಜಿಮ್ ಅನ್ನೂದು ರೊಕ್ಕದ ದಂಡ. ನಾ ಮೈನಸ್ ಎಂಟರಾಗೂ ಇಸಾರ್ ಹೊಳಿ ದಂಡಿ ಹಿಡದ ಓಡೀನಿ. ತಲಿಗೆ ಒಂದ ಹೆಡ್‌ಲ್ಯಾಂಪ್, ಕೈಗೆ ಗ್ಲೌಸ್, ಮುಗೀತು. ಹುಬ್ಬಿನ ಮ್ಯಾಲ ಬೆವರು ಹೆಪ್ಪುಗಟ್ಟಿ ಕೆರಕೊಂಡ್ರ ಪುಡಿಪುಡಿ ಉದುರತಿತ್ತು. ಒಲಿಂಪಿಯಾಬೆರ್ಗ್ ದಿನ್ನಿ ಗೊತ್ತಲ್ಲ, ಯುದ್ಧದಾಗ ಬಿದ್ದ ಮನಿಗೋಳ ಇಟ್ಟಂಗಿ ಕಲ್ಲು ಒಟ್ಟಿ ಮಾಡಿದ್ದು, ಅದನ್ನ ಹತ್ತಿ ಇಳಿದ್ರ ಟ್ರೆಡ್‌ಮಿಲ್ ಯಾಕ ಬೇಕು? ಶನಿವಾರ ಮುಂಜಾನೆ ಒಂಬತ್ತಕ್ಕ ವೆಸ್ಟ್‌ಪಾರ್ಕಿನ್ಯಾಗ ಪಾರ್ಕ್‌ರನ್ ಇರತೈತಿ, ಐದ ಕಿಲೋಮೀಟರ್, ಒಂದ ಪೈಸಾ ಕೊಡೂದು ಬ್ಯಾಡ.

ಮೊಣಕಾಲ ಕೆಳಗಿನ ಎಲುವು ಸಣ್ಣಗ ಸೀಳಿತ್ತು, ಅದೂ ಹೇಳ್ತೀನಿ. ಹೌಸ್‌ಆರ್ಟ್, ಅಂದ್ರ ಫ್ಯಾಮಿಲಿ ಡಾಕ್ಟರ್, ಅಂದ್ಲು ಚಹಾ ಕುಡೀರಿ, ವಿಶ್ರಾಂತಿ ತಗೋರಿ. ಆರ್ಥೊಪೆಡಿ, ಅಂದ್ರ ಎಲುವಿನ ಡಾಕ್ಟರ್, ಅಪಾಯಿಂಟ್‌ಮೆಂಟ್ ಸಿಗೂದ್ರಾಗ ಹಿಮ ಕರಗಿ ಹೂವು ಬಂದಿದ್ದುವು. ಎಂಆರ್‌ಐ ಪಾಳಿ ಕಾಯಾಕ ಆಗಲಾರ್ದ ಕೈಯಿಂದ 320 ಯೂರೋ ಕೊಟ್ಟು ಮಾಡಿಸಿದ್ನಿ. ಫಿಸಿಯೊಗೆ ಚೀಟಿಗೊಮ್ಮೆ 10 ಯೂರೋ, ಮ್ಯಾಲ ಬಿಲ್ಲಿನ ಹತ್ತು ಪರ್ಸೆಂಟ್. ಬೂಟು 150, ಅದು ಸರಿ ಆಗಲಿಲ್ಲಂತ ಇನ್ನೊಂದು 165. ಆದ್ರೂ ಓಟ ಬಿಡಲಿಲ್ಲ. ಮಂಡಿ ಗಿಂಡಿ ಎಲ್ಲಾ ನೆಪ.

ಜಯನಗರ ನಾಲ್ಕನೇ ಬ್ಲಾಕ್:
ಪುಕ್ಕಟೆ ಓಟಕ್ಕೆ 635 ಯೂರೋ, ಫಿಸಿಯೊ ಸೇರಿಸದೆ! ನನ್ನ ಜಿಮ್ಮೇ ವಾಸಿ. ಅವರು ಮಂಡಿ ವೀಕು ಅಂತಿದ್ದಾರೆ, ನೀವು ಎಲುಬು ಸೀಳಿಸಿಕೊಂಡು ಉಪದೇಶ ಮಾಡ್ತಿದ್ದೀರಿ.

ಧಾರವಾಡ ಎಕ್ಸ್‌ಪ್ರೆಸ್:
ನನ್ನ ಎಲುವು, ನನ್ನ ರೊಕ್ಕ. ನೀವು ಕೋರ್ಟಿನ ತೀರ್ಪು ಓದಕೋತ ಕೂಡ್ರಿ.

ಚಾಮುಂಡಿಪುರಂ ಹುಡುಗಿ:
ಇಬ್ಬರೂ ಸ್ವಲ್ಪ ಸುಮ್ಮನಿರಿ. ನನ್ನದು ಈಜು. ಮೈಸೂರಲ್ಲಿ ಕಾರಂಜಿ ಕೆರೆ ದಡದಲ್ಲಿ ನಿಂತು ನೋಡಿದ್ದು ಬಿಟ್ಟರೆ ನೀರಿಗೆ ಇಳಿದವಳಲ್ಲ. ಇಲ್ಲಿ ಮಗಳ ತರಗತಿಯಲ್ಲಿ ಎಲ್ಲ ಮಕ್ಕಳಿಗೂ ಈಜು ಬರುತ್ತೆ. ಅಮ್ಮ ಮಾತ್ರ ಬೆಂಚಿನ ಮೇಲೆ ಟವೆಲ್ ಹಿಡಿದು ಕೂತಿರೋದು. ನಲವತ್ತು ದಾಟಿದ ಮೇಲೆ ದೊಡ್ಡವರ ಕ್ಲಾಸಿಗೆ ಹೆಸರು ಕೊಟ್ಟೆ. ವೇಟಿಂಗ್ ಲಿಸ್ಟಲ್ಲೇ ಒಂದು ಬೇಸಿಗೆ ಹೋಯಿತು. ಫೀಸು 180, ಪ್ರತಿ ಸಲ ಪೂಲಿನ ಟಿಕೆಟ್ ಬೇರೆ. ಮೊದಲ ಕ್ಲಾಸ್ ಪೂರ್ತಿ ಅಂಚಿನ ಟೈಲ್ಸ್ ಹಿಡಿದುಕೊಂಡೇ ಕಳೆದೆ, ಬೆರಳ ತುದಿ ಸುಕ್ಕುಗಟ್ಟಿ ಬೆಳ್ಳಗಾದರೂ ಬಿಡಲಿಲ್ಲ. ಟೀಚರಮ್ಮನಿಗೆ ಎಪ್ಪತ್ತರ ಹತ್ತಿರ ವಯಸ್ಸು. ಒಂದೊಂದೇ ಬೆರಳು ಬಿಡಿಸಿ ನನ್ನನ್ನ ನೀರಿಗೆ ತಳ್ಳಿದರು. ಈಗ 1972ರಲ್ಲಿ ಮಾರ್ಕ್ ಸ್ಪಿಟ್ಜ್ ಏಳು ಚಿನ್ನ ಗೆದ್ದ ಒಲಿಂಪಿಕ್ ಪೂಲಿನಲ್ಲೇ ಈಜ್ತೀನಿ, ಅವನ ಸ್ಪೀಡಲ್ಲಿ ಅಲ್ಲ ಅಷ್ಟೆ. ಮಂಡಿಗೂ ಭಾರ ಬೀಳಲ್ಲ.

ಒಂದು ಎಚ್ಚರಿಕೆ. ಸೌನಾ (ಬೆವರು ಸುರಿಸೋ ಬಿಸಿ ಕೋಣೆ) ಅಂತ ಬೋರ್ಡ್ ಇರೋ ಬಾಗಿಲು ತೆಗೆಯೋ ಮುಂಚೆ ಯೋಚಿಸಿ. ಅಲ್ಲಿ ಯಾರ ಮೈಮೇಲೂ ಬಟ್ಟೆ ಇರಲ್ಲ, ಗಂಡಸರು ಹೆಂಗಸರು ಒಟ್ಟಿಗೇ ಕೂತಿರ್ತಾರೆ.

ಹಳೇ ಹುಲಿ:
ಅದರಲ್ಲಿ ಎಚ್ಚರಿಕೆ ಕೊಡೋದೇನಮ್ಮ? ಈ ದೇಶಕ್ಕೆ ಬಂದು ನಾಚಿಕೊಂಡು ಕೂತರೆ ಏನೂ ಕಲಿಯಲ್ಲ.

ಇಲ್ಲಿ ನನ್ನಷ್ಟು ವರ್ಷ ಇದ್ದವರು ಯಾರೂ ಇಲ್ಲ, ಹೇಳ್ತೀನಿ ಕೇಳಿ. ಜಿಮ್ಮು, ಪೂಲು ಎಲ್ಲ ಗೋಡೆಯೊಳಗಿನ ಆಟ. ಬೆಟ್ಟ ಹತ್ತಬೇಕು. ನಾನು ಐವತ್ತೆರಡನೇ ವಯಸ್ಸಿನಲ್ಲಿ ಸುಗ್‌ಸ್ಪಿಟ್ಸ ಹತ್ತಿದೆ, 2,962 ಮೀಟರ್, ಜರ್ಮನಿಯಲ್ಲೇ ಎತ್ತರ. ಬುಡದಲ್ಲಿರೋ ಗಾರ್ಮಿಷ್ ಊರಿನಿಂದ ರೈನ್‌ಟಾಲ್ ಕಣಿವೆ ದಾರಿ, ಇಪ್ಪತ್ತು ಕಿಲೋಮೀಟರಿಗೂ ಮೇಲೆ. ಕಣಿವೆಯ ಹುಟ್ಟೆಯಲ್ಲಿ, ಅಂದರೆ ಬೆಟ್ಟ ಹತ್ತೋರು ತಂಗೋ ಮನೆಯಲ್ಲಿ, ರಾತ್ರಿ ತಂಗಿ, ಬೆಳಿಗ್ಗೆ ಕ್ನೋರ್‌ಹುಟ್ಟೆ ದಾಟಿದ ಮೇಲೆ ಜಲ್ಲಿ ರಾಶಿ. ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ. ಜುಲೈನಲ್ಲೂ ಹಿಮ ಇತ್ತು. ಮೇಲೆ ಹೋಗಿ ನೋಡಿದರೆ ಕೇಬಲ್ ಕಾರಲ್ಲಿ ಬಂದವರು ಚಪ್ಪಲಿ ಹಾಕ್ಕೊಂಡು ಸಾಸೇಜು ತಿಂತಿದ್ದರು! ಗಾರ್ಮಿಷ್ ತನಕ ಡಾಯ್ಚ್‌ಲಾಂಡ್ ಟಿಕೆಟ್, ಅಂದರೆ ಲೋಕಲ್ ರೈಲು ಬಸ್ಸಿನ ತಿಂಗಳ ಪಾಸು, ನಡೆಯುತ್ತೆ. 2023ರಲ್ಲಿ 49 ಇದ್ದದ್ದನ್ನ ಈಗ 63ಕ್ಕೆ ತಂದಿಟ್ಟಿದ್ದಾರೆ, ಅದು ಬೇರೆ ಹೊಟ್ಟೆಯುರಿ. ಚಳಿಗಾಲದಲ್ಲಿ ಮಾತ್ರ ಆ ದಾರಿ ಬೇಡ. ಹೆಣ್ಣುಮಕ್ಕಳಿಗೆ ಕಷ್ಟ, ಗಂಡಸರಿಗೆ ಹೇಳ್ತಿದ್ದೀನಿ.

ಚಾಮುಂಡಿಪುರಂ ಹುಡುಗಿ:
ಯಾರಿಗೆ ಕಷ್ಟ ಅಂದ್ರಿ ಸರ್? ನಮ್ಮ ಈಜಿನ ಟೀಚರಮ್ಮ ಅದೇ ರೈನ್‌ಟಾಲ್ ದಾರೀಲಿ ಹೋಗಿ ಬಂದಿದ್ದಾರೆ, ಇಳಿಯೋದೂ ನಡೆದೇ. ನೀವು ಇಳಿದಿದ್ದು ಹೇಗೆ?

ಹಳೇ ಹುಲಿ:
ಇಳಿಯುವಾಗ ಮಂಡಿಗೆ ಪೆಟ್ಟು ಅಂತ ಡಾಕ್ಟರೇ ಹೇಳ್ತಾರೆ. ಕೇಬಲ್ ಕಾರಲ್ಲಿ ಇಳಿದೆ. ತಪ್ಪೇನು?

ಧಾರವಾಡ ಎಕ್ಸ್‌ಪ್ರೆಸ್:
ಹುಲಿ ಪೆಟ್ಟಿಗ್ಯಾಗ ಕುಂತ ಇಳದ ಬಂತು 😂

ಹಳೇ ಹುಲಿ:
ಹಲ್ಲು ಕಿಸಿಯೋ ಮುಂಚೆ ಆಲ್ಪೆನ್‌ಫೆರೈನ್, ಅಂದರೆ ಬೆಟ್ಟ ಹತ್ತೋರ ಸಂಘದ, ಸದಸ್ಯತ್ವ ಇದೆಯಾ ಹೇಳಪ್ಪ? ಬೆಟ್ಟದಲ್ಲಿ ಬಿದ್ದರೆ ಹೆಲಿಕಾಪ್ಟರ್ ಬಿಲ್ಲು ಸಾವಿರಾರು ಯೂರೋ. ಸದಸ್ಯನಾದರೆ 25,000 ಯೂರೋ ತನಕ ರಕ್ಷಣಾ ಖರ್ಚಿಗೆ ವಿಮೆ ಇದೆ. ಎಂಆರ್‌ಐಗೆ ಕೈಯಿಂದ ದುಡ್ಡು ಸುರಿದವನಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು.

ದೇರಾ ಮಂಗಳೂರಿಗ:
ನೀವೆಲ್ಲ ಚಳಿ ಚಳಿ ಅಂತ ಅಳುದು ನೋಡಿದ್ರೆ ನಗು ಬರ್ತದೆ ಮಾರಾಯ್ರೆ. ದುಬೈಯಲ್ಲಿ ಜುಲೈಯಲ್ಲಿ ಓಡಿ ನೋಡಿ. ಬೆಳಿಗ್ಗೆ ಐದಕ್ಕೇ ಮೈಯೆಲ್ಲ ಅಂಟು, ಮಧ್ಯಾಹ್ನ ನಲವತ್ತೈದು ಡಿಗ್ರಿ. ನಾನು ಮಾಲ್ ಒಳಗೆ ನಡೆದೇ ಹನ್ನೊಂದು ಕಿಲೋ ಇಳಿಸಿದ್ದು. ನವೆಂಬರಿನಲ್ಲಿ ಶೇಖ್ ಜಾಯೆದ್ ರಸ್ತೆಯನ್ನೇ ಮುಚ್ಚಿ ಜನ ಓಡ್ತಾರೆ, ಅದೂ ಫ್ರೀ. ಸಂಬಳಕ್ಕೆ ಟ್ಯಾಕ್ಸೂ ಇಲ್ಲ.

ಜಯನಗರ ನಾಲ್ಕನೇ ಬ್ಲಾಕ್:
ಅವರು ಕೇಳಿದ್ದು ಮ್ಯೂನಿಕ್ ಬಗ್ಗೆ. ಟ್ಯಾಕ್ಸ್ ಇಲ್ಲ ಅನ್ನೋರು ಮಕ್ಕಳ ಸ್ಕೂಲ್ ಫೀಸ್ ಎಷ್ಟು ಅಂತಲೂ ಹೇಳಿ. ಇಲ್ಲಿ ಸರ್ಕಾರಿ ಶಾಲೆ ಬಿಟ್ಟಿ.

ದೇರಾ ಮಂಗಳೂರಿಗ:
ಸ್ಕೂಲ್ ಬಿಟ್ಟಿ, ಎಲುಬಿನ ಡಾಕ್ಟರ್ ಸಿಗುದು ಮಾತ್ರ ಹೂ ಬಿಟ್ಟ ಮೇಲೆ ಅಲ್ವಾ?

ಗಾರ್ಷಿಂಗ್ ಹೊಸಬ:
ಎಲ್ಲರಿಗೂ ಥ್ಯಾಂಕ್ಸ್. ಪಾರ್ಕ್‌ರನ್ನಿಗೆ ರಿಜಿಸ್ಟರ್ ಮಾಡಿದೆ. ಮಂಡಿಗೆ ಮೊದಲು ಡಾಕ್ಟರ್ ಹತ್ತಿರ ಹೋಗಬೇಕಾ ಅಂತ ಯಾರಾದರೂ ಹೇಳ್ತೀರಾ? ಇನ್ನೊಂದು, ಊಟ ಏನು ಮಾಡ್ತೀರಿ? ಇಲ್ಲಿ ರಾಗಿ ಹಿಟ್ಟು ಸಿಗುತ್ತಾ?

ಧಾರವಾಡ ಎಕ್ಸ್‌ಪ್ರೆಸ್:
ರಾಗಿ ಯಾಕ್ರೀ, ಜೋಳದ ರೊಟ್ಟಿ ತಿನ್ರಿ.

ಚಾಮುಂಡಿಪುರಂ ಹುಡುಗಿ:
ಮ್ಯೂನಿಕ್‌ನಲ್ಲಿ ಜೋಳದ ಹಿಟ್ಟು ಎಲ್ಲಿ ಸಿಗುತ್ತೆ ಅಂತ ಮೊದಲು ಹೇಳಿ. ರಾಗಿ ಸ್ಟೇಷನ್ ಹತ್ತಿರದ ಅಂಗಡಿಗಳಲ್ಲಿ ಸಿಗುತ್ತೆ, ಕಿಲೋಗೆ ಐದು ಯೂರೋ ಕೊಟ್ಟೆ.

ಹಳೇ ಹುಲಿ:
ಐದಾ? ನಿಮಗೆ ಟೋಪಿ ಹಾಕಿದ್ದಾರೆ. ನಾನು ಮೂರೂವರೆಗೆ ತಂದೆ.

ಚಾಮುಂಡಿಪುರಂ ಹುಡುಗಿ:
ಯಾವ ಅಂಗಡಿ? ಯಾವ ವರ್ಷ ಅಂತಲೂ ಹೇಳಿ ಸರ್.