280 ಪುಟದ ಕನ್ನಡ ಥೀಸಿಸ್: ವರ್ಡಾ, ಲಿಬ್ರೆಆಫೀಸಾ, ಗೂಗಲ್ ಡಾಕ್ಸಾ?

ಕೇಳಿದ್ದು:

ನಮಸ್ಕಾರ. ಕನ್ನಡದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಥೀಸಿಸ್ ಸುಮಾರು 280 ಪುಟ ಆಗಬಹುದು. ಅಡಿಟಿಪ್ಪಣಿ ಜಾಸ್ತಿ ಇವೆ. ಮೊದಲ ಮೂರು ಅಧ್ಯಾಯ ಟೈಪಿಂಗ್ ಸೆಂಟರ್‌ನಲ್ಲಿ ನುಡಿ ತಂತ್ರಾಂಶದಲ್ಲಿ ಮಾಡಿಸಿದ್ದು. ಉಳಿದದ್ದು ನಾನೇ ಟೈಪ್ ಮಾಡಬೇಕು. ನಮ್ಮ ಗೈಡ್ ವರ್ಡ್ ಬಿಟ್ಟು ಬೇರೆ ಮುಟ್ಟುವುದಿಲ್ಲ. ನನ್ನ ಲ್ಯಾಪ್‌ಟಾಪ್‌ನಲ್ಲಿ ವರ್ಡ್‌ನ ಟ್ರಯಲ್ ಮುಗಿದುಹೋಗಿದೆ. ತಮ್ಮ ಲಿಬ್ರೆಆಫೀಸ್ ಹಾಕ್ಕೋ ಅಂತಾನೆ, ಗೆಳತಿ ಗೂಗಲ್ ಡಾಕ್ಸ್ ಅಂತಾಳೆ. ಕನ್ನಡದಲ್ಲಿ ದೊಡ್ಡ ಕೆಲಸ ಮಾಡಿ ಮುಗಿಸಿದವರು ಯಾರಾದರೂ ಹೇಳಿ.

ಪುಸ್ತಕಗಳ ಕರಡು ತಿದ್ದುವವರು:

ಮೇಡಂ, ಪ್ರೋಗ್ರಾಮ್ ವಿಷಯ ಆಮೇಲೆ. ಮೊದಲು ಆ ಮೂರು ಅಧ್ಯಾಯ ನೋಡಿ.

ನುಡಿಯಲ್ಲಿ ಮಾಡಿಸಿದ್ದು ಅಂದರೆ ಎರಡು ಅರ್ಥ ಇದೆ. ನುಡಿ ಅನ್ನುವುದು ಕೀಲಿಮಣೆಯೂ ಹೌದು, ಫಾಂಟೂ ಹೌದು. ಜನ ಎರಡನ್ನೂ ಕಲಸಿಬಿಡುತ್ತಾರೆ. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ ಕಂಪ್ಯೂಟರ್ ಪಾಲಿಗೆ ಅದು ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರಕ್ಕೆ ಕನ್ನಡದ ವೇಷ ಹಾಕಿದ ಹಾಗೆ. ಒಂದು ಸಾಲು ಕಾಪಿ ಮಾಡಿ ನಿಮಗೆ ನೀವೇ ವಾಟ್ಸಾಪ್ ಮಾಡಿಕೊಳ್ಳಿ. 'ಕನ್ನಡ' ಇರಬೇಕಾದ ಕಡೆ ಇಂಗ್ಲಿಷಿನ ಪಿ, ಪಕ್ಕದಲ್ಲಿ ತಲೆ ಮೇಲೆ ಗೀಟಿರುವ ಎ, ಆಮೇಲೆ ಪೌಂಡ್ ಗುರುತು ಬಂತು ಅಂದರೆ ಅದು ಯೂನಿಕೋಡ್ ಅಲ್ಲ. ಯೂನಿಕೋಡ್ ಅಂದರೆ ಯಾವ ಕಂಪ್ಯೂಟರ್‌ಗೂ ಕನ್ನಡ ಅಂತಲೇ ಗೊತ್ತಾಗುವ ಅಕ್ಷರ ಸಂಕೇತ. ಅದನ್ನು ಯಾವ ಪ್ರೋಗ್ರಾಮ್‌ಗೆ ಹಾಕಿದರೂ ಹುಡುಕುವುದಕ್ಕೆ ಆಗಲ್ಲ. ಫಾಂಟ್ ಬದಲಾಯಿಸಿದರಂತೂ ಎಲ್ಲ ಗೋಜಲು.

ಹಳೇ ಫಾಂಟನ್ನು ಯೂನಿಕೋಡ್ ಮಾಡುವ ಪರಿವರ್ತಕ ನುಡಿಯಲ್ಲೂ ಇದೆ, 'ಬರಹ' ತಂತ್ರಾಂಶದಲ್ಲೂ ಇದೆ. ಆದರೆ ಒತ್ತಿದ ಕೂಡಲೇ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ನಾನು ಒಂದು ಪುಸ್ತಕವನ್ನು ಕಾಪಿ, ಪೇಸ್ಟ್ ಮಾಡಿ ಪರಿವರ್ತಿಸಿದಾಗ ಅಡಿಟಿಪ್ಪಣಿ ಎಲ್ಲ ಮಾಯ! ಹಳೇ ಪ್ರಿಂಟ್ ಪಕ್ಕದಲ್ಲಿಟ್ಟುಕೊಂಡು 112 ಟಿಪ್ಪಣಿ ಒಂದೊಂದಾಗಿ ಮತ್ತೆ ಹಾಕಿದೆ. ನಡುವೆ ಇದ್ದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡ ಆಗಿದ್ದವು. 'ರ‍್ಯಾಂಕ್' ಇದ್ದದ್ದು 'ರ್ಯಾಂಕ್' ಆಗಿ ಅರ್ಕಾವತ್ತು ಹೊತ್ತುಕೊಂಡು ಬಂದಿತ್ತು. ಅಲ್ಲಿ 'ರ' ಆದಮೇಲೆ ಕಣ್ಣಿಗೆ ಕಾಣದ ಒಂದು ಜೋಡಕ ಹಾಕಬೇಕು. ಅದು ಬಿಟ್ಟುಹೋಗಿರುತ್ತದೆ. ನಿಮ್ಮ ಹತ್ತಿರ ಮೂರೇ ಅಧ್ಯಾಯ ಇರುವುದು ಪುಣ್ಯ, ಈಗಲೇ ಮಾಡಿ ಮುಗಿಸಿ. ಕೈ ನುಡಿ ಕೀಲಿಮಣೆಗೆ ಪಳಗಿದ್ದರೆ ಅದನ್ನೇ ಇಟ್ಟುಕೊಳ್ಳಿ, ಯೂನಿಕೋಡ್‌ಗೆ ಬದಲಾಯಿಸಿ ಸಾಕು.

ಇನ್ನು ಪ್ರೋಗ್ರಾಮ್. ನಾನು ಲಿಬ್ರೆಆಫೀಸ್ ರೈಟರ್ ಬಳಸುತ್ತೇನೆ. ದುಡ್ಡು ಕೊಡಬೇಕಿಲ್ಲ. ದೊಡ್ಡ ಕಡತ ಅಂತ ಕೊಸರಾಡುವುದಿಲ್ಲ. ಎಫ್5 ಒತ್ತಿದರೆ ಎಲ್ಲ ತಲೆಬರಹಗಳೂ ಪಟ್ಟಿಯಾಗಿ ಕಾಣುತ್ತವೆ. ಆದರೆ ಶುರುವಿನಲ್ಲಿ ಒಂದು ಮಧ್ಯಾಹ್ನ ಇಡೀ ನನ್ನನ್ನು ಸತಾಯಿಸಿತು. ಅಕ್ಷರದ ಗಾತ್ರ 12 ಇದ್ದದ್ದನ್ನು ಸ್ಟೈಲ್‌ನಲ್ಲಿ 14 ಮಾಡಿದೆ. ಇಂಗ್ಲಿಷ್ ದೊಡ್ಡದಾಯಿತು, ಕನ್ನಡ ಅಲ್ಲಾಡಲಿಲ್ಲ. ಮತ್ತೆ ಮಾಡಿದೆ, ಊಹೂಂ. ಕಾರಣ ಇಷ್ಟೇ: ರೈಟರ್ ಲೆಕ್ಕದಲ್ಲಿ ಕನ್ನಡ 'ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್' ಗುಂಪಿಗೆ ಸೇರುತ್ತದೆ. ಅದಕ್ಕೆ ಫಾಂಟ್ ಬೇರೆ, ಗಾತ್ರ ಬೇರೆ. ಟೂಲ್ಸ್, ಆಪ್ಷನ್ಸ್, ಲ್ಯಾಂಗ್ವೇಜಸ್ ಒಳಗೆ ಹೋಗಿ ಅದಕ್ಕೆ ಟಿಕ್ ಹಾಕಿ ಭಾಷೆ ಕನ್ನಡ ಅಂತ ಆರಿಸಿ. ಆಮೇಲೆ ಫಾಂಟ್ ಕಿಟಕಿಯಲ್ಲಿ ಎರಡು ಭಾಗ ಕಾಣುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಜನ 'ಲಿಬ್ರೆಆಫೀಸ್‌ನಲ್ಲಿ ಕನ್ನಡ ಸರಿ ಬರಲ್ಲ' ಅಂತ ಬೈದು ಬಿಟ್ಟುಬಿಡುತ್ತಾರೆ.

ಶಾಲೆಯ ಸ್ಮರಣ ಸಂಚಿಕೆ ಮಾಡಿದವರು:

ನಾವು ಒಂಬತ್ತು ಜನ ಸೇರಿ ಗೂಗಲ್ ಡಾಕ್ಸ್‌ನಲ್ಲಿ ಸಂಚಿಕೆ ಮಾಡಿದೆವು. ಒಟ್ಟಿಗೆ ಕೂತು ತಿದ್ದುವುದಕ್ಕೆ ಅದರಷ್ಟು ಸಲೀಸು ಬೇರೆ ಇಲ್ಲ. ಯಾರೋ ಅರ್ಧ ಪುಟ ಅಳಿಸಿಬಿಟ್ಟಾಗ ವರ್ಷನ್ ಹಿಸ್ಟರಿಯಿಂದ ಹಿಂದಿನ ದಿನದ್ದನ್ನು ವಾಪಸ್ ತಂದೆವು. ಇನ್ನೊಂದು ಲಾಭ, ಕ್ರೋಮ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ ಒತ್ತಿ ಕನ್ನಡದಲ್ಲಿ ಮಾತಾಡಿದರೆ ಅದೇ ಟೈಪ್ ಆಗುತ್ತದೆ. ನಮ್ಮ ನಿವೃತ್ತ ಮೇಷ್ಟ್ರು ಎಂಟು ಪುಟ ಹೀಗೇ ಹೇಳಿ ಬರೆಸಿದರು. ಪೂರ್ಣವಿರಾಮ ಒಂದೂ ಇರಲಿಲ್ಲ ಅನ್ನಿ. ಅವನ್ನು ಕೂತು ಹಾಕುವಷ್ಟರಲ್ಲಿ ನನಗೆ ಅರ್ಧ ಭಾನುವಾರ ಹೋಯಿತು.

ಥೀಸಿಸ್‌ಗೆ ಮಾತ್ರ ನಾನು ಬೇಡ ಅಂತೀನಿ. ಪುಟ ನೂರು ದಾಟಿದ ಮೇಲೆ ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಕೀಲಿ ಒತ್ತಿ ಅಕ್ಷರ ಬರುವುದನ್ನು ಕಾಯಬೇಕಿತ್ತು. ಅಧ್ಯಾಯಕ್ಕೊಂದು ಕಡತ ಅಂತ ಒಡೆದರೆ ನಡೆಯುತ್ತದೆ. ಆದರೆ ಆಗ ಪುಟಸಂಖ್ಯೆ, ಪರಿವಿಡಿ ಕೈಯಲ್ಲೇ ಕಟ್ಟಬೇಕು.

ಕಾಲೇಜು ಅಧ್ಯಾಪಕರು:

ಗೈಡ್ ವರ್ಡ್ ಅಂದರೆ ವರ್ಡ್. ವಾದ ಬೇಡಮ್ಮ, ಮೂರು ವರ್ಷ ಅವರ ಜೊತೆ ಏಗಬೇಕು. ಮೈಕ್ರೋಸಾಫ್ಟ್ ಖಾತೆ ಇದ್ದರೆ ಬ್ರೌಸರ್‌ನಲ್ಲಿ ವರ್ಡ್ ಪುಕ್ಕಟೆ ಸಿಗುತ್ತದೆ. ಸೌಲಭ್ಯ ಕಡಿಮೆ, ಆದರೆ ಅವರ ತಿದ್ದುಪಡಿ, ಕಾಮೆಂಟ್ ನೋಡಲು ಸಾಕು. ಕೊನೆಯ ಪುಟವಿನ್ಯಾಸ ಡಿಪಾರ್ಟ್‌ಮೆಂಟ್ ಕಂಪ್ಯೂಟರ್‌ನಲ್ಲಿ ಮಾಡಿಕೊಳ್ಳಿ. ತಲೆಬರಹಕ್ಕೆ ಹೆಡಿಂಗ್ ಸ್ಟೈಲೇ ಬಳಸಿ. ಸುಮ್ನೆ ಬೋಲ್ಡ್ ಮಾಡಿ ದೊಡ್ಡದು ಮಾಡಿದರೆ ಪರಿವಿಡಿ ತಾನಾಗಿ ಬರುವುದಿಲ್ಲ. ನನ್ನ ವಿದ್ಯಾರ್ಥಿಗಳಲ್ಲಿ ಹತ್ತಕ್ಕೆ ಒಂಬತ್ತು ಜನ ಸ್ಪೇಸ್ ಬಾರ್ ಕುಟ್ಟಿ ಶೀರ್ಷಿಕೆಯನ್ನು ನಡುವಿಗೆ ತರುತ್ತಾರೆ.

ಪ್ರೆಸ್‌ನಲ್ಲಿ ಪುಟ ಕಟ್ಟುವವರು:

ಮುಂದೆ ಇದು ಪುಸ್ತಕ ಆಗುವುದಿದ್ದರೆ ಪ್ರೆಸ್‌ನವರನ್ನು ಈಗಲೇ ಕೇಳಿ. ನಮ್ಮಲ್ಲಿ ಪುಟ ಕಟ್ಟುವುದು ಇನ್‌ಡಿಸೈನ್‌ನಲ್ಲಿ, ಯೂನಿಕೋಡ್ ಕೊಟ್ಟರೆ ಖುಷಿ. ಇನ್ನೂ ಪೇಜ್‌ಮೇಕರ್ 7ರಲ್ಲೇ ಕೂತವರಿದ್ದಾರೆ. ಅದರಲ್ಲಿ ಯೂನಿಕೋಡ್ ಕನ್ನಡ ನಡೆಯುವುದಿಲ್ಲ. ಅವರು ನಿಮ್ಮ ಕಡತವನ್ನು ಮತ್ತೆ ಹಳೇ ಫಾಂಟ್‌ಗೆ ತಿರುಗಿಸುತ್ತಾರೆ, ಆಗ ಇನ್ನೊಂದು ಸುತ್ತು ಕರಡು. ವರ್ಡ್, ರೈಟರ್ ಯಾವುದರಲ್ಲಿ ಕೊಟ್ಟರೂ ನಮಗೆ ಒಂದೇ. ಅಲಂಕಾರ ಮಾಡಬೇಡಿ, ಹೇಗೂ ಎಲ್ಲ ಕಿತ್ತು ಹಾಕುತ್ತೇವೆ.

ಕೇಳಿದವರು, ಹದಿನೈದು ದಿನ ಬಿಟ್ಟು:

ಎಲ್ಲರಿಗೂ ಥ್ಯಾಂಕ್ಸ್. ವಾಟ್ಸಾಪ್ ಪರೀಕ್ಷೆ ಮಾಡಿದೆ. ಪೌಂಡ್ ಗುರುತು ಬಂತು! ಎರಡು ಅಧ್ಯಾಯ ಪರಿವರ್ತಿಸಿ ಮುಗಿಸಿದ್ದೇನೆ, ಟಿಪ್ಪಣಿ ಮತ್ತೆ ಹಾಕುತ್ತಿದ್ದೇನೆ. ರೈಟರ್‌ನಲ್ಲಿ ಬರೆದು, ವರ್ಡ್‌ನ ಡಾಕ್‌ಎಕ್ಸ್ ರೂಪದಲ್ಲಿ ಉಳಿಸಿ ಗೈಡ್‌ಗೆ ಕಳಿಸಿದೆ. ಅವರ ತಿದ್ದುಪಡಿ ಎಲ್ಲ ಸರಿಯಾಗಿ ವಾಪಸ್ ಬಂತು. ಒಂದೇ ತಕರಾರು: ನನ್ನ 41ನೇ ಪುಟ ಅವರಲ್ಲಿ 43 ಆಗಿದೆ. 'ಎಲ್ಲಮ್ಮಾ ನೀನು ಹೇಳಿದ ಪ್ಯಾರಾ' ಅಂತ ಫೋನ್‌ನಲ್ಲಿ ಹುಡುಕಿಸಿದರು.

ಪುಸ್ತಕಗಳ ಕರಡು ತಿದ್ದುವವರು:

ನೀವು ಯಾವ ಫಾಂಟ್ ಹಾಕಿದ್ದೀರಿ? ನೋಟೋ ಸೆರಿಫ್ ಕನ್ನಡ ಆಗಿದ್ದರೆ ಅವರ ಕಂಪ್ಯೂಟರ್‌ನಲ್ಲಿ ಅದು ಇರಲಿಕ್ಕಿಲ್ಲ. ವರ್ಡ್ ತನ್ನಲ್ಲಿರುವ ತುಂಗಾನೋ ನಿರ್ಮಲಾನೋ ತೋರಿಸುತ್ತದೆ. ಅಗಲ ಬೇರೆ, ಸಾಲು ಮುರಿಯುವ ಜಾಗ ಬೇರೆ, ಪುಟ ಜಾರುತ್ತದೆ. ನೋಟೋ ಪುಕ್ಕಟೆ ಫಾಂಟ್. ಮುಂದಿನ ಸಲ ಹೋದಾಗ ಪೆನ್‌ಡ್ರೈವ್‌ನಲ್ಲಿ ಒಯ್ದು ಅವರಲ್ಲೂ ಹಾಕಿಕೊಡಿ. ಆಮೇಲೂ ಒಂದೆರಡು ಸಾಲು ಹಿಂದೆಮುಂದೆ ಆದೀತು. ಅದಕ್ಕೆ ಜೊತೆಗೊಂದು ಪಿಡಿಎಫ್ ಕಳಿಸಿ, ಪುಟಸಂಖ್ಯೆ ಮಾತಾಡುವಾಗ ಇಬ್ಬರೂ ಅದನ್ನೇ ನೋಡಿ.